ಸ್ವಾಸ್ಥ್ಯ ಬೋಧಕರೂ ಜಾಲತಾಣದ ಪ್ರೇಕ್ಷಕರೂ



ಯೋಗ, ಪ್ರಾಣಾಯಾಮ, ಧ್ಯಾನ, ಹಿತಮಿತವಾದ ಊಟ, ಸರಿಯಾದ ನಿದ್ದೆ ಇವೆಲ್ಲವನ್ನೂ ಒಟ್ಟಾಗಿ ಇಟ್ಟುಕೊಂಡು ದೇಹವನ್ನೂ ಮನಸ್ಸನ್ನೂ ನೋಡಿಕೊಳ್ಳುವ ಪದ್ಧತಿಗೆ ಈಗ ಸಮಗ್ರ ಸ್ವಾಸ್ಥ್ಯವೆಂಬ ಹೆಸರು ರೂಢಿಯಾಗಿದೆ. ಇದನ್ನು ಕಲಿಸುವುದನ್ನೇ ವೃತ್ತಿಯಾಗಿ ಆರಿಸಿಕೊಳ್ಳಬೇಕೆಂಬ ಆಸೆ ನಿಮ್ಮಲ್ಲಿಯೂ ಕೆಲವರಿಗೆ ಇರಬಹುದು. ಹಿಂದೆ ಇಂಥವರು ಊರಿನಲ್ಲಿ ಒಂದು ಕೊಠಡಿ ಹಿಡಿದು, ಹೊರಗೆ ಬೋರ್ಡು ತೂಗುಹಾಕಿ, ಜನ ಬರುವುದನ್ನು ಕಾಯುತ್ತಿದ್ದರು. ಈಗ ಮೊದಲು ಮಾಡುವ ಕೆಲಸವೆಂದರೆ ಯೂಟ್ಯೂಬಿನಲ್ಲೋ ಇನ್‌ಸ್ಟಾಗ್ರಾಮಿನಲ್ಲೋ ಖಾತೆ ತೆರೆಯುವುದು. ಮರುದಿನದಿಂದಲೇ ಚಿಂತೆ ಶುರುವಾಗುತ್ತದೆ: ಎಷ್ಟು ಜನ ನೋಡಿದರು? ಆದರೆ ನೋಡಿದವರು ಯಾರು, ನೋಡಿದ ಮೇಲೆ ಅವರು ಏನು ಮಾಡಿದರು ಎಂಬ ಪ್ರಶ್ನೆ ಇದಕ್ಕಿಂತ ದೊಡ್ಡದು. ಇಂದು ಅದನ್ನು ಕುರಿತು ನಾಲ್ಕು ಮಾತು ಹೇಳುತ್ತೇನೆ.

ಪ್ರೇಕ್ಷಕರನ್ನು ಗಳಿಸುವ ಈ ಕೆಲಸ ಜಾಲತಾಣದ ಜೊತೆಗೆ ಹುಟ್ಟಿದ್ದಲ್ಲ. 1927ರಲ್ಲಿ ಹಾಸನದ ಜುಬಿಲಿ ಹಾಲಿನಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಯೋಗಾಸನಗಳ ಪ್ರದರ್ಶನ ಕೊಟ್ಟರು. ಸಭೆಯಲ್ಲಿ ಕೌಶಿಕ ಎಂಬ ಹಳ್ಳಿಯ ಹನ್ನೆರಡು ವರ್ಷದ ಹುಡುಗನೊಬ್ಬನಿದ್ದ. ಚಪ್ಪಾಳೆ ತಟ್ಟಿ ಮನೆಗೆ ಹೋದವರು ಎಷ್ಟೋ ಮಂದಿ. ಈ ಹುಡುಗ ಮರುದಿನವೇ ಹೋಗಿ ಶಿಷ್ಯನಾದ. ಮುಂದೆ ಪಟ್ಟಾಭಿ ಜೋಯಿಸರೆಂದು ಹೆಸರಾದದ್ದು ಇವರೇ. ಕೃಷ್ಣಮಾಚಾರ್ಯರು 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಮರುವರ್ಷ ಕನ್ನಡದಲ್ಲಿಯೇ ‘ಯೋಗ ಮಕರಂದ’ ಪ್ರಕಟಿಸಿದರು. ಪ್ರದರ್ಶನ ಜನರನ್ನು ಸೇರಿಸಿತು, ಶಾಲೆ ಅವರನ್ನು ಉಳಿಸಿಕೊಂಡಿತು. ಇವೆರಡೂ ಬೇರೆ ಬೇರೆ ಕೆಲಸಗಳೆಂಬುದನ್ನು ಗಮನಿಸಬೇಕು.

ಜೋಯಿಸರು 1948ರಲ್ಲಿ ಮೈಸೂರಿನ ಲಕ್ಷ್ಮೀಪುರಂನಲ್ಲಿ ಸ್ವಂತ ಸಂಸ್ಥೆ ತೆರೆದರು. ಅದರ ಅಭ್ಯಾಸದ ಕೊಠಡಿ ಚಿಕ್ಕದು. ಅಲ್ಲಿ ಪ್ರತಿಯೊಬ್ಬನೂ ತನ್ನ ಉಸಿರಿನ ಗತಿಗೆ ತಕ್ಕಂತೆ ಅಭ್ಯಾಸ ಮಾಡುತ್ತಿದ್ದ, ಗುರುಗಳು ಒಬ್ಬೊಬ್ಬರ ಬಳಿಗೆ ಹೋಗಿ ತಿದ್ದುತ್ತಿದ್ದರು. 1964ರಲ್ಲಿ ಬೆಲ್ಜಿಯಂನ ಆಂಡ್ರೆ ವಾನ್ ಲೈಸೆಬೆತ್ ಬಂದು ಕಲಿತು, ತಮ್ಮ ಬರಹದ ಮೂಲಕ ಯುರೋಪಿಗೆ ಅವರನ್ನು ಪರಿಚಯಿಸಿದರು. ಕಲಿತವರೊಬ್ಬರು ಇನ್ನೊಬ್ಬರಿಗೆ ಹೇಳಿ, 1975ರ ಹೊತ್ತಿಗೆ ಜೋಯಿಸರಿಗೆ ಕ್ಯಾಲಿಫೋರ್ನಿಯಾದಿಂದ ಕರೆ ಬಂತು. ಇಂದಿಗೂ ಜಗತ್ತಿನಾದ್ಯಂತ ‘ಮೈಸೂರು ಶೈಲಿ’ ಎಂದರೆ ಒಬ್ಬೊಬ್ಬರನ್ನೂ ನೋಡಿ ಕಲಿಸುವ ಈ ಕ್ರಮವೇ. ಇದರ ಇನ್ನೊಂದು ಮುಖವನ್ನು ಮುಚ್ಚಿಡಬಾರದು. 2009ರಲ್ಲಿ ಜೋಯಿಸರು ತೀರಿಕೊಂಡ ಬಳಿಕ, ಆಸನ ತಿದ್ದುವ ನೆಪದಲ್ಲಿ ಅವರು ಅನುಚಿತವಾಗಿ ಮುಟ್ಟಿದರೆಂದು ಕೆಲವು ಶಿಷ್ಯೆಯರು ಬಹಿರಂಗವಾಗಿ ಆರೋಪಿಸಿದರು. ಆ ಮಾತು ಹರಡಿದ್ದು ಬಹುಮಟ್ಟಿಗೆ ಜಾಲತಾಣಗಳಿಂದಲೇ. 2019ರಲ್ಲಿ ಮೊಮ್ಮಗ ಶರತ್ ಜೋಯಿಸರು ಕ್ಷಮೆ ಕೋರಿದರು. ಬೋಧಕನನ್ನು ಪ್ರೇಕ್ಷಕನೂ ನೋಡುತ್ತಿರುತ್ತಾನೆ, ಬಹಳ ಕಾಲ ನೆನಪಿಡುತ್ತಾನೆ.

ಇನ್ನು ಜಾಲತಾಣಕ್ಕೆ ಬರೋಣ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ನಟಿ ಹಾಗೂ ಯೋಗಶಿಕ್ಷಕಿ ಏಡ್ರಿಯನ್ ಮಿಶ್ಲರ್, ಕ್ರಿಸ್ ಶಾರ್ಪ್ ಎಂಬವರ ಜೊತೆ ಸೇರಿ 2012ರಲ್ಲಿ ಯೂಟ್ಯೂಬಿನಲ್ಲಿ ‘ಯೋಗ ವಿತ್ ಏಡ್ರಿಯನ್’ ಆರಂಭಿಸಿದರು. ಅದರ ಚಂದಾದಾರರು ಇಂದು ಒಂದು ಕೋಟಿಗೂ ಹೆಚ್ಚು. ಆಕೆ ಮಾಡಿದ್ದೇನು? ಬೆರಗುಗೊಳಿಸುವ ಆಸನಗಳನ್ನು ತೋರಿಸಲಿಲ್ಲ. ಬೆನ್ನುನೋವಿಗೆ, ಹೊಸಬರಿಗೆ, ಆತಂಕಕ್ಕೆ ಎಂದು ಜನ ಹುಡುಕುವ ಮಾತುಗಳನ್ನೇ ಪಾಠಕ್ಕೆ ಹೆಸರಾಗಿಟ್ಟರು. ಸಾಮಾನ್ಯ ಮನೆಯ ಕೋಣೆ, ನೆಲದ ಮೇಲೊಂದು ಚಾಪೆ, ಪಕ್ಕದಲ್ಲಿ ಮಲಗಿರುವ ನಾಯಿ. ನೋಡುವವನಿಗೆ ಇದು ತನ್ನ ಮನೆಯಲ್ಲೂ ಆಗುವಂಥದ್ದು ಅನ್ನಿಸುತ್ತದೆ. 2015ರಿಂದ ಪ್ರತಿ ಜನವರಿಯಲ್ಲಿ ಮೂವತ್ತು ದಿನಗಳ ಅಭ್ಯಾಸಮಾಲೆಯನ್ನು ಉಚಿತವಾಗಿ ಕೊಡುತ್ತ ಬಂದಿದ್ದಾರೆ. ಹಣ ಕೊಡಬಲ್ಲವರಿಗೆ ಬೇರೆಯೇ ಚಂದಾ ವ್ಯವಸ್ಥೆಯಿದೆ. 2020ರಲ್ಲಿ ಕೊರೊನಾದಿಂದ ಜನ ಮನೆಯೊಳಗೆ ಕುಳಿತಾಗ ಪ್ರೇಕ್ಷಕರ ಸಂಖ್ಯೆ ಬಹಳ ಏರಿತು, ನಿಜ. ಆದರೆ ಅದಕ್ಕೆ ಹಿಂದಿನ ಎಂಟು ವರ್ಷಗಳ ಪಾಠಗಳು ಅಲ್ಲಿ ಸಿದ್ಧವಾಗಿದ್ದವು.

ಇಲ್ಲೊಂದು ತಾಂತ್ರಿಕ ಸಂಗತಿಯೂ ಇದೆ. ಅದೇ 2012ರಲ್ಲಿ ಯೂಟ್ಯೂಬ್ ತನ್ನ ಲೆಕ್ಕಾಚಾರವನ್ನು ಬದಲಿಸಿತು: ಎಷ್ಟು ಮಂದಿ ಕ್ಲಿಕ್ ಮಾಡಿದರು ಎಂಬುದಕ್ಕಿಂತ, ಎಷ್ಟು ಹೊತ್ತು ನೋಡಿದರು ಎಂಬುದಕ್ಕೆ ಹೆಚ್ಚು ಬೆಲೆ ಕೊಡತೊಡಗಿತು. ಹಾಡನ್ನು ಅರ್ಧಕ್ಕೇ ಬಿಡಬಹುದು. ಚಾಪೆ ಹಾಸಿಕೊಂಡು ಜೊತೆಯಲ್ಲೇ ಆಸನ ಮಾಡುವವನು ಇಪ್ಪತ್ತು ನಿಮಿಷವೂ ಇರುತ್ತಾನೆ, ನಾಳೆ ಅದೇ ಪಾಠಕ್ಕೆ ಮತ್ತೆ ಬರುತ್ತಾನೆ. ಅಭ್ಯಾಸ ಮಾಡಿಸುವ ಬೋಧಕರಿಗೆ ಈ ಲೆಕ್ಕ ಅನುಕೂಲವಾಯಿತೆಂದೇ ನಾನು ಭಾವಿಸುತ್ತೇನೆ.

ಇಷ್ಟು ಕಾಯುವ ತಾಳ್ಮೆ ಇಲ್ಲದವರಿಗೆ ಅನುಯಾಯಿಗಳನ್ನು ಮಾರುವ ಅಂಗಡಿಗಳಿವೆ! ಡೆವುಮಿ ಎಂಬ ಅಮೆರಿಕದ ಕಂಪನಿ ಸುಮಾರು 20 ಕೋಟಿ ಟ್ವಿಟರ್ ಅನುಯಾಯಿಗಳನ್ನು ಮಾರಿತ್ತೆಂದು 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಬಯಲಿಗೆಳೆಯಿತು. ಅವುಗಳಲ್ಲಿ ಹಲವು ನಿಜವಾದ ಜನರ ಹೆಸರು, ಭಾವಚಿತ್ರ ಕದ್ದು ಮಾಡಿದ ಖೊಟ್ಟಿ ಖಾತೆಗಳು. 2024ರಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ವ್ಯಾಪಾರದ ಉದ್ದೇಶಕ್ಕೆ ಇಂಥ ಹುಸಿ ಅನುಯಾಯಿಗಳನ್ನು ತಿಳಿದೂ ಕೊಳ್ಳುವುದನ್ನು ನಿಷೇಧಿಸಿತು. ಕಾನೂನಿನ ಮಾತು ಹಾಗಿರಲಿ, ಕೊಂಡವನಿಗಾದರೂ ಏನು ಲಾಭ? ಹತ್ತು ಸಾವಿರ ಖೊಟ್ಟಿ ಖಾತೆಗಳಲ್ಲಿ ಒಂದಕ್ಕೂ ಸೊಂಟ ನೋಯುವುದಿಲ್ಲ, ಒಂದೂ ತರಗತಿಗೆ ಬಂದು ಫೀ ಕಟ್ಟುವುದಿಲ್ಲ.

ಪ್ರೇಕ್ಷಕರು ನಿಜವಾದವರೇ ಆಗಿದ್ದು ಬೋಧಕನೇ ಸುಳ್ಳಾದರೆ? ಅದು ಇನ್ನೂ ಭಯಂಕರ. ಆಸ್ಟ್ರೇಲಿಯಾದ ಬೆಲ್ ಗಿಬ್ಸನ್ ಎಂಬ ಯುವತಿ ತನಗೆ ಮಿದುಳಿನ ಕ್ಯಾನ್ಸರ್ ಇದೆಯೆಂದೂ ಆಹಾರಕ್ರಮದಿಂದಲೇ ಗುಣವಾಗುತ್ತಿದೆಯೆಂದೂ ಇನ್‌ಸ್ಟಾಗ್ರಾಮಿನಲ್ಲಿ ಹೇಳಿಕೊಂಡು ದೊಡ್ಡ ಅಭಿಮಾನಿ ಬಳಗ ಕಟ್ಟಿದಳು. 2013ರಲ್ಲಿ ಆ್ಯಪ್ ಬಂತು, ಬಳಿಕ ಪುಸ್ತಕವೂ ಬಂತು. 2015ರಲ್ಲಿ ತನಗೆ ಕ್ಯಾನ್ಸರೇ ಇರಲಿಲ್ಲವೆಂದು ಒಪ್ಪಿಕೊಂಡಳು. ದಾನಕ್ಕೆಂದು ಹೇಳಿದ ಹಣವೂ ಸರಿಯಾಗಿ ಸಂದಿರಲಿಲ್ಲ. 2017ರಲ್ಲಿ ಅಲ್ಲಿನ ಫೆಡರಲ್ ನ್ಯಾಯಾಲಯ 4 ಲಕ್ಷ 10 ಸಾವಿರ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು. ದಂಡವನ್ನು ಕಟ್ಟಬಹುದು, ವಸೂಲೂ ಮಾಡಬಹುದು. ಆದರೆ ಅವಳ ಮಾತು ನಂಬಿ ಆಸ್ಪತ್ರೆಯ ಚಿಕಿತ್ಸೆ ಬಿಡುವ ರೋಗಿಗೆ ಕಳೆದ ತಿಂಗಳುಗಳನ್ನು ಯಾವ ನ್ಯಾಯಾಲಯ ಹಿಂದಕ್ಕೆ ಕೊಡಿಸೀತು?

ನಮ್ಮ ದೇಶದಲ್ಲಿಯೂ ಇದಕ್ಕೆ ಕಟ್ಟಳೆಗಳಿವೆ. ಮಧುಮೇಹ, ಕ್ಯಾನ್ಸರ್ ಮೊದಲಾದ ರೋಗಗಳನ್ನು ಗುಣಪಡಿಸುತ್ತೇವೆಂದು ಔಷಧಿಗಳ ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೊಂದು ತಡೆಯುತ್ತದೆ. 2023ರ ಆಗಸ್ಟ್‌ನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ಹೊರಡಿಸಿದ ಮಾರ್ಗಸೂಚಿ ನೇರವಾಗಿ ಸ್ವಾಸ್ಥ್ಯ ಬೋಧಕರನ್ನು ಕುರಿತದ್ದು: ತಜ್ಞರೆಂದು ಮಾತನಾಡುವವರು ತಮ್ಮ ಅರ್ಹತೆಯನ್ನು ತಿಳಿಸಬೇಕು, ತಜ್ಞರಂತೆ ಕಾಣಿಸಿಕೊಳ್ಳುವ ಇತರರು ತಮ್ಮ ಮಾತು ವೈದ್ಯರ ಸಲಹೆಗೆ ಬದಲಿಯಲ್ಲವೆಂದು ಸ್ಪಷ್ಟಪಡಿಸಬೇಕು. ಹೀಗೆ ಹೇಳಿದರೆ ಜನ ಓಡಿಹೋಗುತ್ತಾರೆಂಬ ಹೆದರಿಕೆ ಹಲವರಿಗಿದೆ. ನನಗೆ ಹಾಗೆ ತೋರುವುದಿಲ್ಲ. ‘ರಕ್ತದೊತ್ತಡ ಹೆಚ್ಚಾಗಿರುವವರು ಶೀರ್ಷಾಸನ ಮಾಡಬೇಡಿ’ ಎನ್ನುವ ಬೋಧಕನನ್ನು ಮನೆಯ ಹಿರಿಯರು ಬೇಗ ನಂಬುತ್ತಾರೆ.

ಹಾಗಾದರೆ ತಿಪಟೂರಿನಲ್ಲೋ ಸಿರಸಿಯಲ್ಲೋ ಕುಳಿತು ಆರಂಭಿಸುವವರು ಏನು ಮಾಡಬಹುದು? ಮೊದಲು ಕನ್ನಡದಲ್ಲೇ ಕಲಿಸಿ. ‘ಮಂಡಿನೋವು, ನೆಲದ ಮೇಲೆ ಕೂರಲು ಆಗುವುದಿಲ್ಲ’ ಎನ್ನುವ ಅಜ್ಜಿಗೆ ಕುರ್ಚಿಯ ಮೇಲೆ ಮಾಡುವ ಅಭ್ಯಾಸ ಬೇಕು. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಾರದ ನಿಮ್ಮ ಸಹಪಾಠಿಗೆ ಹತ್ತು ನಿಮಿಷದ ಉಸಿರಾಟದ ಪಾಠ ಸಾಕು. ವಾರಕ್ಕೊಂದೇ ಆದರೂ ಹೇಳಿದ ದಿನ, ಹೇಳಿದ ಹೊತ್ತಿಗೆ ಪಾಠ ಬರಲಿ. ಕೇಳಿದ ಪ್ರಶ್ನೆಗೆ ಉತ್ತರ ಕೊಡಿ. ಒಂದೇ ಪ್ರಶ್ನೆಯನ್ನು ಐದಾರು ಜನ ಕೇಳಿದರೆ ಮುಂದಿನ ಪಾಠದ ವಿಷಯ ಸಿಕ್ಕಂತಾಯಿತು. ಜೂನ್ 21ರ ಯೋಗ ದಿನದಂದು ಸಂಖ್ಯೆ ಏರಿದರೆ ಹಿಗ್ಗಬೇಡಿ, ಜುಲೈ 21ರಂದು ಎಷ್ಟು ಉಳಿದಿದೆ ನೋಡಿ.

ಖಾತೆಯ ಅಂಕಿಅಂಶಗಳ ಪುಟದಲ್ಲಿ ಒಂದು ಗೆರೆ ಇರುತ್ತದೆ: ಎಷ್ಟನೆಯ ನಿಮಿಷದವರೆಗೆ ಎಷ್ಟು ಮಂದಿ ನೋಡಿದರೆಂದು ಅದು ತೋರಿಸುತ್ತದೆ. ಗೆರೆ ನಾಲ್ಕನೆಯ ನಿಮಿಷದಲ್ಲಿ ಸರಕ್ಕನೆ ಕೆಳಗಿಳಿದಿದ್ದರೆ, ಆ ನಿಮಿಷದಲ್ಲಿ ನೀವು ಹೇಳಿದ ಆಸನವನ್ನು ಮನೆಯಲ್ಲಿ ತಾಯಿಗೋ ಅಕ್ಕನಿಗೋ ಮಾಡಲು ಹೇಳಿ. ಅವರು ಎಲ್ಲಿ ನಿಂತರು, ಯಾವ ಮಾತು ಅರ್ಥವಾಗಲಿಲ್ಲ, ಎಲ್ಲಿ ಹಿಡಿದುಕೊಂಡಿತು ಎಂದು ಕೇಳಿ ತಿಳಿದುಕೊಂಡು, ಆ ಪಾಠವನ್ನು ಮತ್ತೊಮ್ಮೆ ಚಿತ್ರೀಕರಿಸಿ.