ನಡುಗಂಬವಿಲ್ಲದ ಕಾರು



ಕೊಳ್ಳೇಗಾಲದಿಂದ ಹನೂರಿನ ಮೇಲೆ ಮಾದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ ನಮ್ಮ ಕಾಮಗೆರೆ ಸಿಗುತ್ತದೆ. ರಸ್ತೆ ಬದಿಯಲ್ಲಿ ಸ್ವಲ್ಪ ಹೊತ್ತು ನಿಂತರೆ ಸಾಕು, ಇವತ್ತಿನ ಕಾರುಗಳ ಎಲ್ಲ ಜಾತಿಗಳೂ ಕಣ್ಣಿಗೆ ಬೀಳುತ್ತವೆ. ಯಾವುದನ್ನೇ ನೋಡಿ, ಮುಂದಿನ ಬಾಗಿಲಿಗೂ ಹಿಂದಿನ ಬಾಗಿಲಿಗೂ ನಡುವೆ ತಳದಿಂದ ಚಾವಣಿಯವರೆಗೆ ಒಂದು ಕಂಬ ಇದ್ದೇ ಇರುತ್ತದೆ. ಇವತ್ತು ನಾನು ಹೇಳಹೊರಟಿರುವುದು ಆ ಕಂಬವನ್ನೇ ಬೇಡವೆಂದ ಕಾರಿನ ವಿಚಾರ. ಅಮೆರಿಕದ ನಾಲ್ಕು ಬಾಗಿಲಿನ ಹಾರ್ಡ್‌ಟಾಪ್. ಅಂಥದೊಂದು ಮಾರಾಟಕ್ಕಿದೆ ಎಂದು ಯಾರಾದರೂ ಹೇಳಿದರೆ ಕೊಳ್ಳುವ ತಾಕತ್ತು ಇರಲಿ ಬಿಡಲಿ, ಹೋಗಿ ನೋಡಿಕೊಂಡು ಬನ್ನಿ. ಜೀಪಿನ ಟಾರ್ಪಾಲು ಕಿತ್ತು ತಗಡು ಕೂರಿಸುವುದನ್ನೂ ಹಾರ್ಡ್‌ಟಾಪ್ ಎನ್ನುತ್ತಾರಲ್ಲ, ಅದಲ್ಲ ಇದು.

1949ರಲ್ಲಿ ಜನರಲ್ ಮೋಟಾರ್ಸ್ ಕಂಪನಿಯ ಬ್ಯೂಕ್, ಕ್ಯಾಡಿಲಾಕ್, ಓಲ್ಡ್ಸ್‌ಮೊಬೈಲ್ ಮೂರೂ ಎರಡು ಬಾಗಿಲಿನ ಹಾರ್ಡ್‌ಟಾಪ್ ತಂದವು. 1955ರಲ್ಲಿ ಬ್ಯೂಕ್ ಮತ್ತು ಓಲ್ಡ್ಸ್‌ಮೊಬೈಲ್ ನಾಲ್ಕು ಬಾಗಿಲಿಗೂ ಅದೇ ಧೈರ್ಯ ಮಾಡಿದವು. ಮಾರನೆಯ ವರ್ಷ ಷೆವರ್ಲೆ ಬೆಲ್ ಏರ್ ಕೂಡ ಬಂತು. ನಾಲ್ಕೂ ಗ್ಲಾಸು ಇಳಿಸಿದರೆ ಈ ಕಾರಿನ ಪಕ್ಕ ಕಂಬವಿಲ್ಲದ ಪಡಸಾಲೆಯಂತೆ ಪೂರಾ ತೆರೆದುಕೊಳ್ಳುತ್ತದೆ. ಗ್ಲಾಸಿನ ಸುತ್ತ ಚೌಕಟ್ಟೂ ಇಲ್ಲ. ಚಾವಣಿ ಮುಂದಿನ ಗಾಜಿನ ಅಂಚಿನಿಂದ ಹಿಂದಿನ ಗಾಜಿನವರೆಗೆ ಒಂದೇ ಎಳೆತದಲ್ಲಿ ಸಾಗುತ್ತದೆ.

ಕಂಬ ಪೂರ್ತಿ ಮಾಯವಾಗಿಲ್ಲ ಎಂಬುದರಲ್ಲೇ ಈ ಕೆಲಸದ ಜಾಣತನವಿದೆ. ಕಿಟಕಿಯ ಕೆಳಗೆ ಒಂದು ಮೊಂಡು ಕಂಬ ಉಳಿದಿರುತ್ತದೆ. ಮುಂದಿನ ಬಾಗಿಲಿನ ಚಿಲಕ ಬೀಳುವುದು ಅದರ ಮೇಲೆ, ಹಿಂದಿನ ಬಾಗಿಲು ತೂಗುವುದೂ ಅದರಿಂದಲೇ. ಮೇಲೆ ಚಾವಣಿಯ ಆಸರೆಯಿಲ್ಲದೆ ಅಷ್ಟು ಭಾರ ಹೊರಬೇಕೆಂದರೆ ಕೆಳಗೆ ಚಾಸಿ ಗಟ್ಟಿಯಿರಬೇಕು, ಬಾಗಿಲ ಹೊಸ್ತಿಲು ಗಟ್ಟಿಯಿರಬೇಕು. ಕಣ್ಣಿಗೆ ಹಗುರವಾಗಿ ಕಾಣುವ ಈ ಕಾರು ನಿಜದಲ್ಲಿ ಕಂಬವಿರುವ ಅಣ್ಣನಿಗಿಂತ ಭಾರವೇ.

ಅಂದವೂ ಸುಮ್ಮನೆ ಬಂದದ್ದಲ್ಲ. ಜನರಲ್ ಮೋಟಾರ್ಸ್‌ನ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಕಾರನ್ನು ಮೊದಲು ಜೇಡಿಮಣ್ಣಿನಲ್ಲಿ ತಿದ್ದಿಸುತ್ತಿದ್ದ. 1948ರ ಕ್ಯಾಡಿಲಾಕ್ ಕಾರಿನ ಹಿಂದೆ ಎದ್ದ ರೆಕ್ಕೆಗಳಿಗೆ ಪಿ-38 ಯುದ್ಧವಿಮಾನದ ಬಾಲವೇ ಪ್ರೇರಣೆ. 1959ರ ಷೆವರ್ಲೆ ಇಂಪಾಲಾದಲ್ಲಿ ಆ ರೆಕ್ಕೆ ಅಡ್ಡಡ್ಡ ಮಲಗಿಬಿಟ್ಟಿದೆ. ನನಗೆ ಅದು ಅತಿಯೆನಿಸುತ್ತದೆ. ಹದಿನೇಳೂವರೆ ಅಡಿ ಉದ್ದದ ಆ ಕಾರನ್ನು ತಾಳಬೆಟ್ಟ ದಾಟಿ ತಿರುವುಗಳಿಗೆ ಒಯ್ದವನ ಗತಿ ದೇವರೇ ಬಲ್ಲ. ನನ್ನ ಒಲವು 1956ರ ಬೆಲ್ ಏರ್ ಕಡೆಗೆ. ಅದಕ್ಕೆ ಪೆಟ್ರೋಲ್ ಹಾಕುವ ಬಾಯಿ ಎಡಗಡೆಯ ಹಿಂದೀಪದ ಮರೆಯಲ್ಲಿದೆ. ಗೊತ್ತಿಲ್ಲದ ಬಂಕಿನ ಹುಡುಗ ಕಾರಿನ ಸುತ್ತ ಪ್ರದಕ್ಷಿಣೆ ಹಾಕಬೇಕು.

ನಮ್ಮ ಕಡೆ ಇವು ಯಾಕೆ ಅಪರೂಪ ಎಂಬುದಕ್ಕೂ ಒಂದು ಕತೆಯಿದೆ. ಸರ್ ಎಂ. ವಿಶ್ವೇಶ್ವರಯ್ಯ 1935ರಲ್ಲಿ ಅಮೆರಿಕ, ಯುರೋಪು ಸುತ್ತಿ ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಜೊತೆಗೂಡಿದರು. ಅಮೆರಿಕದ ಕ್ರೈಸ್ಲರ್ ಕಂಪನಿಯ ನೆರವಿನಿಂದ ಮೈಸೂರು ಸಂಸ್ಥಾನದಲ್ಲೇ ಕಾರು ಕಾರ್ಖಾನೆ ಏಳುವ ಮಾತು ನಡೆಯಿತು. ಬ್ರಿಟಿಷ್ ಸರ್ಕಾರ ಬೆನ್ನು ತಟ್ಟಲಿಲ್ಲ. 1940ರ ಕೊನೆಗೆ ಬೆಂಗಳೂರಿಗೆ ಬಂದದ್ದು ವಿಮಾನದ ಕಾರ್ಖಾನೆ. ವಾಲ್‌ಚಂದ್ ಅವರ ಪ್ರೀಮಿಯರ್ ಕಂಪನಿ ಮುಂಬೈ ಪಾಲಾಗಿ, 1947ರಿಂದ ಅಲ್ಲಿ ಡಾಡ್ಜ್, ಪ್ಲಿಮತ್, ಡಿಸೋಟೊ ಜೋಡಿಸತೊಡಗಿತು. ಇತ್ತ ಜನರಲ್ ಮೋಟಾರ್ಸ್, ಫೋರ್ಡ್ ಎರಡೂ 1954ರಲ್ಲಿ ಭಾರತದ ಕಾರ್ಖಾನೆ ಮುಚ್ಚಿದವು. ಅಂದರೆ ನಾಲ್ಕು ಬಾಗಿಲಿನ ಹಾರ್ಡ್‌ಟಾಪ್ ಹುಟ್ಟುವ ಹೊತ್ತಿಗೆ ನಮ್ಮ ಬಾಗಿಲು ಹಾಕಿತ್ತು. ಆಮೇಲೆ ಅಂಥ ಕಾರುಗಳು ಹೆಚ್ಚಾಗಿ ರಾಯಭಾರಿಗಳ ಜೊತೆ ಬಂದವು. ಅವರು ಬಿಟ್ಟುಹೋದದ್ದನ್ನು ಸರ್ಕಾರದ ವ್ಯಾಪಾರ ನಿಗಮ ಮಾರಿ, ಕಾರುಗಳು ಸಿನಿಮಾದವರ, ಸಿರಿವಂತರ ಮನೆ ಸೇರಿದವು.

ಅಮೆರಿಕದಲ್ಲೂ ಕಂಬವಿಲ್ಲದ ಕಾರಿನ ಕಾಲ ಬೇಗ ಮುಗಿಯಿತು. ಕಾರು ಮಗುಚಿದರೆ ಚಾವಣಿ ತಡೆದೀತೇ ಎಂಬ ಭಯ ಒಂದು ಕಡೆ. ಎ.ಸಿ. ಬಂದ ಮೇಲೆ ಗ್ಲಾಸು ಇಳಿಸುವವರೇ ಇಲ್ಲವಾದದ್ದು ಇನ್ನೊಂದು ಕಡೆ. 1978ರ ಕ್ರೈಸ್ಲರ್ ಅಲ್ಲಿಯ ಕೊನೆಯ ತಲೆ.

ಇನ್ನು ನೋಡುವ ಬಗೆ. ಬಣ್ಣಕ್ಕೆ, ಬಂಪರಿನ ಹೊಳಪಿಗೆ ಮರುಳಾಗಬೇಡಿ. ಒಳ್ಳೆಯ ಟಿಂಕರ್ ಎಂಥ ತೂತನ್ನೂ ಮುಚ್ಚಿಬಿಡುತ್ತಾನೆ. ಬಗ್ಗಿ ಹೊಸ್ತಿಲ ಅಡಿಯನ್ನು ಬೆರಳಿನಿಂದ ಒತ್ತಿ, ತುಕ್ಕು ಹಿಡಿದಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬಾಗಿಲುಗಳ ನಡುವಿನ ಸಂದು ಮೇಲಿಂದ ಕೆಳಗೆ ಒಂದೇ ಅಗಲವಿದೆಯೇ ನೋಡಿ. ಆಮೇಲೆ ಒಂದು ಬದಿಗೆ ಜಾಕ್ ಕೊಟ್ಟು ಎತ್ತಿಸಿ, ಬಾಗಿಲು ತೆರೆದು ಮುಚ್ಚಿ. ಗಟ್ಟಿ ಕಾರಾದರೆ ಆಗಲೂ ಸಲೀಸಾಗಿ ಕೂರುತ್ತದೆ, ಬೆನ್ನು ಬಿದ್ದ ಕಾರಾದರೆ ಬಾಗಿಲು ಕಚ್ಚುತ್ತದೆ. ಕೊನೆಗೆ ನಾಲ್ಕೂ ಗ್ಲಾಸು ಏರಿಸಿ ಚಾವಣಿ ಮೇಲೆ ಒಂದು ಬಿಂದಿಗೆ ನೀರು ಸುರಿಸಿ. ಕಂಬವಿಲ್ಲದ ಕಡೆ ಮುಂದಿನ ಗ್ಲಾಸು ಹಿಂದಿನದನ್ನು ಮುಟ್ಟುವ ಜಾಗದಲ್ಲಿ ತಡೆಯುವುದು ರಬ್ಬರ್ ಬೀಡಿಂಗ್ ಒಂದೇ. ಸೀಟು ಒದ್ದೆಯಾದರೆ ಬೆಲೆ ಇಳಿಸಲು ನಿಮಗೊಂದು ಕಾರಣ ಸಿಕ್ಕಿತು. ಪಕ್ಕಕ್ಕೆ ಬಾಗಿದ ಮುಂದಿನ ಗಾಜು ಒಡೆದಿದ್ದರೆ ಮಾತ್ರ ಯೋಚಿಸಿ, ಅಂಥದು ಇನ್ನೊಂದು ಹುಡುಕುವುದು ಕಷ್ಟ.

ಕೊಳ್ಳುವ ಮಾತೇ ಬೇಡ ಎನ್ನುವವರು ಶ್ರೀರಂಗಪಟ್ಟಣದ ಹತ್ತಿರ ಧರ್ಮಸ್ಥಳದವರು 2023ರಲ್ಲಿ ತೆರೆದ ‘ಪಯಣ’ ವಸ್ತುಸಂಗ್ರಹಾಲಯಕ್ಕೆ ಹೋಗಿ ಹಳೆಯ ಕಾರುಗಳ ಮೈಕಟ್ಟನ್ನು ನಿಧಾನವಾಗಿ ನೋಡಬಹುದು.

ಕೊಂಡೇಬಿಡುತ್ತೇನೆ ಎನ್ನುವವರಿಗೆ ಕಾಗದಪತ್ರದ ಒಂದು ಮಾತು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ, ಮೂಲ ರೂಪ ಕೆಡಿಸದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ, ಹತ್ತು ವರ್ಷದ ಅವಧಿ. ಆದರೆ ಅದರಲ್ಲಿ ದಿನಾ ಕೊಳ್ಳೇಗಾಲಕ್ಕೆ ಹೋಗಿಬರುವಂತಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿಯಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬಹುದು. ಪೆಟ್ರೋಲ್ ಹಾಕಿಸಲು ಹೋಗುವುದಕ್ಕೂ ಅಡ್ಡಿಯಿಲ್ಲ. ಆ ವಿ-8 ಇಂಜಿನ್ನಿನ ಹಸಿವಿಗೆ ಆ ನೆಪ ಬೇಕಾದಷ್ಟು ಸಲ ಸಿಗುತ್ತದೆ.