ಬೇಡವೆನ್ನುವವನ ಹೊಣೆ



ಗಣಕಯಂತ್ರದ ತಂತ್ರಾಂಶವನ್ನು ಬರೆದು, ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಿ ತಿದ್ದಲೆಂದು ಬಿಟ್ಟುಕೊಡುವ ಪದ್ಧತಿಯೊಂದುಂಟು. ಹಾಗಾದರೆ ತಿದ್ದಿದ್ದೆಲ್ಲವೂ ಅದರಲ್ಲಿ ಸೇರಿಬಿಡುವುದೇ ಎಂದು ನೀವು ಕೇಳಬಹುದು. ಸೇರದು.

1995ರಲ್ಲಿ ದೂರದೂರದಲ್ಲಿದ್ದ ಎಂಟು ಮಂದಿ ಕೂಡಿ ಅಪಾಚೆ ಎಂಬ ಅಂತರ್ಜಾಲ ಸರ್ವರನ್ನು ಬೆಳೆಸಲಾರಂಭಿಸಿದರು. ಮುಖಾಮುಖಿ ಸಭೆ ಸೇರಲಾಗದ ಕಾರಣ ಮಿಂಚಂಚೆಯಲ್ಲಿಯೇ ಮತ ಹಾಕುವ ರೂಢಿ ಬಂದಿತು. ಒಪ್ಪಿದವರು +1 ಎಂದೂ, ವಿರೋಧಿಸುವವರು -1 ಎಂದೂ ಬರೆಯುವರು. ಮೊದಲು ವಿಮರ್ಶೆ, ಬಳಿಕ ಸೇರ್ಪಡೆ ಎಂಬ ಕ್ರಮದಲ್ಲಿ ಮೂರು +1 ಬಿದ್ದು, ಒಂದು -1 ಕೂಡ ಇಲ್ಲದಿದ್ದರೆ ಮಾತ್ರ ತಿದ್ದುಪಡಿಗೆ ಪ್ರವೇಶ. ಮತಾಧಿಕಾರವುಳ್ಳ ಒಬ್ಬನೇ ಎಲ್ಲರನ್ನೂ ತಡೆಯಬಲ್ಲನು! ಆದರೆ ಅವನು ತಾಂತ್ರಿಕ ಕಾರಣವನ್ನು ಬರೆದು ತಿಳಿಸತಕ್ಕದ್ದು. ಕಾರಣವಿಲ್ಲದ -1 ಊರ್ಜಿತವಾಗದು. ನನಗೆ ಈ ನಿಯಮವೇ ಅತ್ಯಂತ ಪ್ರಿಯವಾದುದು. ಎಷ್ಟೋ ಉತ್ತರಪತ್ರಿಕೆಗಳ ಮೇಲೆ ಬರಿಯ ಕೆಂಪುಗೆರೆ ಎಳೆದು ಹಿಂತಿರುಗಿಸಿದ್ದು ನೆನಪಾಗಿ ಸಂಕೋಚವೂ ಆಗುತ್ತದೆ.

ಪರಿಶೀಲಿಸುವ ಕಣ್ಣುಗಳು ಕಡಿಮೆಯಾದರೆ? ಕಡತಗಳನ್ನು ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶವನ್ನು ಬಹುಕಾಲ ಒಬ್ಬರೇ ಬಿಡುವಿನ ವೇಳೆಯಲ್ಲಿ ನೋಡಿಕೊಳ್ಳುತ್ತಿದ್ದರು. ನೆರವಿಗೆಂದು ಬಂದವನೊಬ್ಬನು ಎರಡು ವರ್ಷಕ್ಕೂ ಮಿಕ್ಕಿ ಉಪಯುಕ್ತ ತಿದ್ದುಪಡಿಗಳನ್ನು ಕಳುಹಿಸಿ, ವಿಶ್ವಾಸ ಗಳಿಸಿ, ತಾನೇ ಒಪ್ಪಿಗೆ ನೀಡುವ ಸ್ಥಾನಕ್ಕೇರಿದನು. ಬಳಿಕ 2024ರಲ್ಲಿ ಅದರೊಳಗೆ ಕಳ್ಳಬಾಗಿಲೊಂದನ್ನು ಹುದುಗಿಸಿದನು. ಅದೇ ವರ್ಷದ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರರು, ಬೇರೊಂದು ಯಂತ್ರದೊಳಗೆ ಪ್ರವೇಶಿಸುವಾಗ ಸುಮಾರು ಅರ್ಧ ಸೆಕೆಂಡು ತಡವಾಗುವುದನ್ನು ಗಮನಿಸಿ, ಕಾರಣವನ್ನು ಬೆನ್ನಟ್ಟಿ ಹೋದುದರಿಂದ ಅದು ಹೊರಬಿದ್ದಿತು.