ಬಾಡಿಗೆ ಗಾಡಿಯ ಖರ್ಚು ತಗ್ಗಿಸುವ ಬಗೆ

(ರೈತರ ತರಬೇತಿ ಶಿಬಿರದಲ್ಲಿ ನೀಡಿದ ಉಪನ್ಯಾಸ)



ಕೋಲಾರ, ಮುಳಬಾಗಿಲು, ಶ್ರೀನಿವಾಸಪುರ, ಚಿಂತಾಮಣಿ ಕಡೆಯ ಹಳ್ಳಿಗಳಲ್ಲಿ ಮನೆಯ ಮುಂದೆ ಒಂದು ಸರಕು ಗಾಡಿ ನಿಂತಿರುವುದು ಈಗ ಹೊಸದೇನಲ್ಲ. 1986ರಲ್ಲಿ ಟಾಟಾ 407, 2005ರಲ್ಲಿ ಟಾಟಾ ಏಸ್ ಬಂದವು. ಇಂಥ ಸಣ್ಣ ಗಾಡಿಗಳು ಹೆಚ್ಚಿದಂತೆ, ಲಾರಿಗಾಗಿ ರಸ್ತೆ ಬದಿಯಲ್ಲಿ ಕಾಯುತ್ತಿದ್ದ ರೈತನೇ ಗಾಡಿಯ ಮಾಲೀಕನಾದ. ತನ್ನ ಟೊಮೆಟೊ ತಾನೇ ಒಯ್ದು, ಅಕ್ಕಪಕ್ಕದವರ ಮಾಲನ್ನೂ ಬಾಡಿಗೆಗೆ ಸಾಗಿಸಿದರೆ ನಾಲ್ಕು ಕಾಸು ಉಳಿಯುತ್ತದೆ ಎಂಬ ಲೆಕ್ಕ ತಪ್ಪಲ್ಲ.

ಆದರೆ ಗಾಡಿ ಕೊಂಡ ಎರಡು ಮೂರು ವರ್ಷದೊಳಗೆ ಕಂತು ಕಟ್ಟಲು ರೇಷ್ಮೆಗೂಡು ಮಾರಿದ ಹಣ, ಹಾಲಿನ ಬಟವಾಡೆಯ ಹಣ, ಕೊನೆಗೆ ಬೆಳೆ ಸಾಲದ ಹಣವನ್ನೂ ಹಾಕುವ ರೈತರಿದ್ದಾರೆ. ಗಾಡಿ ಮನೆಯನ್ನು ಸಾಕಬೇಕಾಗಿತ್ತು. ಈಗ ಜಮೀನು ಗಾಡಿಯನ್ನು ಸಾಕುತ್ತಿದೆ. ಇದು ಹೀಗೇ ನಡೆದರೆ ಮೊದಲು ಹೋಗುವುದು ಗಾಡಿಯಲ್ಲ, ಜಮೀನು. ಆದ್ದರಿಂದ ಈ ಹೊತ್ತು ಗಾಡಿಯ ಖರ್ಚನ್ನು ಎಲ್ಲಿ ತಗ್ಗಿಸಬಹುದು, ಎಲ್ಲಿ ತಗ್ಗಿಸಬಾರದು ಎಂಬುದನ್ನು ಲೆಕ್ಕದ ಮೂಲಕ ನೋಡೋಣ.

ಎರಡು ಬಗೆಯ ಖರ್ಚು

ಗಾಡಿಯ ಖರ್ಚಿನಲ್ಲಿ ಎರಡು ಬಗೆ. ಗಾಡಿ ಓಡಲಿ, ನಿಲ್ಲಲಿ, ತಪ್ಪದೆ ಬರುವ ಖರ್ಚು ಒಂದು: ಸಾಲದ ಕಂತು, ವಿಮೆ, ತೆರಿಗೆ, ಎಫ್.ಸಿ., ಚಾಲಕನ ಸಂಬಳ. ಓಡಿದಷ್ಟೂ ಬರುವ ಖರ್ಚು ಇನ್ನೊಂದು: ಡೀಸೆಲ್, ಟೈರು, ಆಯಿಲ್, ರಿಪೇರಿ, ಟೋಲ್ ಸುಂಕ. ಮೊದಲನೆಯದನ್ನು ನಿಂತ ಖರ್ಚು, ಎರಡನೆಯದನ್ನು ಓಟದ ಖರ್ಚು ಎಂದು ಕರೆಯೋಣ. ನಮ್ಮವರು ಬರೆದಿಡುವುದು ಸಾಮಾನ್ಯವಾಗಿ ಡೀಸೆಲ್ಲನ್ನು ಮಾತ್ರ. ಮೋಸ ಹೋಗುವುದು ಅಲ್ಲಿಯೇ.

ಮುಳಬಾಗಿಲಿನ ಸುತ್ತಿನ ಒಂದು ಹಳ್ಳಿಯಿಂದ ಬೆಂಗಳೂರಿಗೆ ತರಕಾರಿ ಸಾಗಿಸುವ ಪಿಕಪ್ ಗಾಡಿಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅಂಕಿಗಳು ಲೆಕ್ಕ ತಿಳಿಯುವುದಕ್ಕೆ ಮಾತ್ರ. ನೀವು ನಿಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಹೋಗಿ ಬರಲು 200 ಕಿ.ಮೀ., ತಿಂಗಳಿಗೆ 20 ಟ್ರಿಪ್, ಅಂದರೆ 4,000 ಕಿ.ಮೀ. ಒಂದು ಟ್ರಿಪ್ಪಿಗೆ 15 ಕಿಲೋ ತೂಕದ 100 ಕ್ರೇಟು. ಕ್ರೇಟಿಗೆ 40 ರೂ.ನಂತೆ ಬಾಡಿಗೆ 4,000 ರೂ.

ತಿಂಗಳ ನಿಂತ ಖರ್ಚು:
ಕಂತು – ರೂ. 18,000
ವಿಮೆ, ತೆರಿಗೆ, ಎಫ್.ಸಿ. (ವರ್ಷದ್ದನ್ನು 12ರಿಂದ ಭಾಗಿಸಿ) – ರೂ. 4,500
ಚಾಲಕನ ಸಂಬಳ – ರೂ. 15,000
ಒಟ್ಟು – ರೂ. 37,500

ಒಂದು ಟ್ರಿಪ್ಪಿನ ಖರ್ಚು:
ನಿಂತ ಖರ್ಚಿನ ಪಾಲು – ರೂ. 1,875
ಡೀಸೆಲ್ (ಲೀಟರಿಗೆ 12 ಕಿ.ಮೀ., ದರ 90 ರೂ.) – ರೂ. 1,500
ಟೈರು, ಆಯಿಲ್, ರಿಪೇರಿ (ಕಿ.ಮೀ.ಗೆ ರೂ. 2.50) – ರೂ. 500
ಟೋಲ್ – ರೂ. 400
ಒಟ್ಟು – ರೂ. 4,275

ಬಾಡಿಗೆ 4,000, ಖರ್ಚು 4,275. ಟ್ರಿಪ್ಪಿಗೆ 275 ರೂ. ನಷ್ಟ, ತಿಂಗಳಿಗೆ 5,500. ಆದರೆ ಮಾಲೀಕನಿಗೆ ಇದು ಕಾಣುವುದಿಲ್ಲ. ಡೀಸೆಲ್ ಮತ್ತು ಟೋಲ್ ಕಳೆದು 2,100 ರೂ. ಜೇಬಿಗೆ ಬಂತೆಂದು ಸಂಜೆ ಮನೆಗೆ ಬರುತ್ತಾನೆ. ಟೈರು ಸವೆದಾಗ, ವಿಮೆಯ ದಿನ ಬಂದಾಗ ಕೈಯಲ್ಲಿ ಹಣವಿರುವುದಿಲ್ಲ. ಸಾಲ ಶುರುವಾಗುತ್ತದೆ.

ಮಾಲೀಕನೇ ಗಾಡಿ ಓಡಿಸಿದರೂ ಚಾಲಕನ ಸಂಬಳವನ್ನು ಲೆಕ್ಕಕ್ಕೆ ಹಿಡಿಯಬೇಕು. ಆ ಹೊತ್ತು ಅವನು ಹೊಲದಲ್ಲಿರುವುದಿಲ್ಲ. ಹೊಲಕ್ಕೆ ಬೇರೆ ಆಳು ಇಡಬೇಕಾಗುತ್ತದೆ.

ಗಾಡಿ ನಿಂತರೆ ನಷ್ಟ ಇನ್ನೂ ಹೆಚ್ಚು. ಮೇಲಿನ ಗಾಡಿ 20ರ ಬದಲು 12 ಟ್ರಿಪ್ ಮಾತ್ರ ಹೋದರೆ ನಿಂತ ಖರ್ಚಿನ ಪಾಲು ಟ್ರಿಪ್ಪಿಗೆ 3,125 ರೂ. ಆಗುತ್ತದೆ, ಒಟ್ಟು ಖರ್ಚು 5,525 ರೂ. ಓಟದ ಖರ್ಚು ಮತ್ತು ಟೋಲ್ ಸೇರಿ 2,400 ರೂ. ಇದೆಯಷ್ಟೆ? ಅದಕ್ಕಿಂತ ಕಡಿಮೆ ಬಾಡಿಗೆಗೆ ಗಾಡಿ ಹೊರಡಿಸಲೇಬಾರದು. 2,400ಕ್ಕೂ 4,275ಕ್ಕೂ ನಡುವಿನ ಬಾಡಿಗೆಯನ್ನು, ಬೇರೆ ಕೆಲಸವಿಲ್ಲದ ದಿನ ಮಾತ್ರ ಒಪ್ಪಬಹುದು. ಎಲ್ಲ ದಿನವೂ ಅದೇ ದರವಾದರೆ ಗಾಡಿ ಉಳಿಯುವುದಿಲ್ಲ.

ಖಾಲಿ ವಾಪಸು ಬರುವ ಗಾಡಿ

200 ಕಿ.ಮೀ. ಓಟದಲ್ಲಿ 100 ಕಿ.ಮೀ. ಬರಿದಾಗಿ ಓಡುತ್ತದೆ. ದೊಡ್ಡ ಸೋರಿಕೆ ಇದೇ. ಹೇಗಿದ್ದರೂ ವಾಪಸು ಬರಲೇಬೇಕಾದ್ದರಿಂದ, ಬರುವಾಗ ಸಿಕ್ಕ ಬಾಡಿಗೆಯಲ್ಲಿ ಲೋಡು ಮಾಡುವ ಕೂಲಿ ಮತ್ತು ಸ್ವಲ್ಪ ಹೆಚ್ಚಿನ ಡೀಸೆಲ್ ಕಳೆದು ಮಿಕ್ಕಿದ್ದೆಲ್ಲ ಉಳಿತಾಯವೇ. 20 ಟ್ರಿಪ್ಪಿನಲ್ಲಿ 8 ಬಾರಿ ಖರ್ಚು ಕಳೆದು 1,000 ರೂ. ಸಿಕ್ಕಿದರೆ ತಿಂಗಳಿಗೆ 8,000 ರೂ. ಅಷ್ಟರಲ್ಲಿಯೇ 5,500 ರೂ. ನಷ್ಟ ಹೋಗಿ 2,500 ರೂ. ಲಾಭ ಬರುತ್ತದೆ.

ವಾಪಸು ಲೋಡು ಮಂಡಿಯ ಬಾಗಿಲಲ್ಲಿ ಕಾಯ್ದರೆ ಸಿಗುವುದಿಲ್ಲ; ಹೊರಡುವ ಮುನ್ನವೇ ಗೊತ್ತು ಮಾಡಿಕೊಳ್ಳಬೇಕು. ನಿಮ್ಮ ಊರಿನ ಕಿರಾಣಿ ಅಂಗಡಿ, ಹಾರ್ಡ್‌ವೇರ್ ಅಂಗಡಿ, ಹನಿ ನೀರಾವರಿ ಪೈಪು ಮಾರುವವರು, ಪಶು ಆಹಾರದ ವ್ಯಾಪಾರಿಗಳು ಎಲ್ಲರಿಗೂ ಬೆಂಗಳೂರಿನಿಂದ ಮಾಲು ಬರುತ್ತದೆ. ಯಾವ ವಾರ ಯಾವ ದಿನ ನಿಮ್ಮ ಗಾಡಿ ಬರುತ್ತದೆಂದು ಅವರಿಗೆ ಮೊದಲೇ ತಿಳಿಸಿರಿ. ದಿನ ತಪ್ಪಿಸದವನಿಗೆ ಲೋಡು ತಾನಾಗಿ ಬರುತ್ತದೆ. ಖಾಲಿ ಕ್ರೇಟು ವಾಪಸು ತರುವುದು ಬಾಡಿಗೆಯಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಬೇಕು. ಒಂದು ಎಚ್ಚರಿಕೆ: ಕೀಟನಾಶಕ ಅಥವಾ ಗೊಬ್ಬರ ತಂದ ಗಾಡಿಯನ್ನು ಚೆನ್ನಾಗಿ ತೊಳೆಯದೆ ತರಕಾರಿ ತುಂಬಬಾರದು.

ಒಂದೇ ಊರಿನಿಂದ ಎರಡು ಗಾಡಿಗಳು ಅರ್ಧ ಲೋಡಿನಲ್ಲಿ ಒಂದೇ ಮಂಡಿಗೆ ಹೋಗುವುದನ್ನು ನೀವೂ ನೋಡಿದ್ದೀರಿ. ಇಬ್ಬರು ಮಾಲೀಕರೂ ಕೂಡಿ ದಿನ ಹಂಚಿಕೊಂಡರೆ ಇಬ್ಬರಿಗೂ ತುಂಬಿದ ಗಾಡಿ ಸಿಗುತ್ತದೆ. ರೈತ ಉತ್ಪಾದಕರ ಸಂಘವಿರುವ ಕಡೆ ಈ ಏರ್ಪಾಡು ಸುಲಭ.

ಡೀಸೆಲ್ ಮತ್ತು ಟೈರು

ಲೀಟರಿಗೆ 12 ಕಿ.ಮೀ. ಕೊಡುವ ಗಾಡಿ 13 ಕೊಟ್ಟರೆ 4,000 ಕಿ.ಮೀ.ಗೆ ಸುಮಾರು 25 ಲೀಟರ್ ಉಳಿಯುತ್ತದೆ. ತಿಂಗಳಿಗೆ ಸುಮಾರು 2,300 ರೂ. ಇದಕ್ಕೆ ಮಾಡಬೇಕಾದ್ದು ಇಷ್ಟೆ:

1. ಟ್ಯಾಂಕ್ ಪೂರ್ತಿ ತುಂಬಿಸಿ, ಕಿ.ಮೀ. ಬರೆದಿಟ್ಟು, ಮತ್ತೆ ಪೂರ್ತಿ ತುಂಬಿಸಿದಾಗ ಲೆಕ್ಕ ಹಾಕಿರಿ. ಅಂದಾಜಿನಲ್ಲಿ ಮೈಲೇಜು ಹೇಳಬಾರದು.
2. ಟೈರು ತಣ್ಣಗಿರುವಾಗ ವಾರಕ್ಕೊಮ್ಮೆ ಗಾಳಿ ನೋಡಿಸಿರಿ. ಗಾಳಿ ಕಡಿಮೆಯಾದರೆ ಡೀಸೆಲ್ಲೂ ಹೆಚ್ಚು, ಟೈರಿನ ಅಂಚೂ ಬೇಗ ಸವೆಯುತ್ತದೆ.
3. ಹಳ್ಳಿ ರಸ್ತೆಯ ಧೂಳಿನಲ್ಲಿ ಓಡುವ ಗಾಡಿಯ ಏರ್ ಫಿಲ್ಟರನ್ನು ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಬೇಗ ನೋಡಬೇಕು.
4. ಹೆದ್ದಾರಿಯಲ್ಲಿ ಒಂದೇ ಸಮನೆ ಮಧ್ಯಮ ವೇಗದಲ್ಲಿ ಹೋಗಬೇಕು. ಮಂಡಿಯಲ್ಲಿ ಸಾಲು ನಿಂತಾಗ ಇಂಜಿನ್ ಆರಿಸಬೇಕು.
5. ಉಳಿಸಿದ ಡೀಸೆಲ್ಲಿನಲ್ಲಿ ಒಂದು ಪಾಲನ್ನು ಚಾಲಕನಿಗೆ ಕೊಡಿರಿ. ಗಾಡಿ ಅವನ ಕೈಯಲ್ಲಿದೆ.

2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ಕೆಲವಕ್ಕೆ ಡೀಸೆಲ್ ಜೊತೆಗೆ ಬೇರೆ ಟ್ಯಾಂಕಿನಲ್ಲಿ ಯೂರಿಯ ದ್ರಾವಣ ಹಾಕಬೇಕು. ಇದರಲ್ಲಿ ಶೇ. 32.5ರಷ್ಟು ಅತಿ ಶುದ್ಧ ಯೂರಿಯ, ಉಳಿದದ್ದು ಲವಣವಿಲ್ಲದ ನೀರು. ಮನೆಯಲ್ಲಿ ಗೊಬ್ಬರದ ಚೀಲವಿದೆಯಲ್ಲ ಎಂದು ಅದನ್ನೇ ಕರಗಿಸಿ ಹಾಕುವ ಯೋಚನೆ ರೈತನಿಗೆ ಬರುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿರಿ. ಗೊಬ್ಬರದ ಯೂರಿಯಕ್ಕೆ ಬೇವಿನ ಎಣ್ಣೆಯ ಲೇಪವಿರುತ್ತದೆ, ಬೇರೆ ಕಶ್ಮಲಗಳೂ ಇರುತ್ತವೆ. ಅವು ಹೊಗೆ ಶುದ್ಧಿ ಮಾಡುವ ಭಾಗವನ್ನು ಕೆಡಿಸಿದರೆ ರಿಪೇರಿಗೆ ಹತ್ತಾರು ಸಾವಿರ ಬೀಳುತ್ತದೆ. ಮೇಲಾಗಿ ಸಹಾಯಧನದ ಗೊಬ್ಬರವನ್ನು ಬೇರೆ ಕೆಲಸಕ್ಕೆ ಬಳಸುವುದು ಕಾನೂನಿಗೆ ವಿರುದ್ಧ.

ಟೋಲ್ ಸುಂಕ

ರಾಷ್ಟ್ರೀಯ ಹೆದ್ದಾರಿ ಶುಲ್ಕದ 2008ರ ನಿಯಮಗಳಲ್ಲಿ ಸಣ್ಣ ಸಾಗಣೆದಾರರಿಗೆ ಅನುಕೂಲಗಳಿವೆ. 24 ಗಂಟೆಯೊಳಗೆ ಹಿಂದಿರುಗಿದರೆ ಹೋಗಿ ಬರುವುದಕ್ಕೆ ಒಂದೂವರೆ ಪಟ್ಟು ಸುಂಕ ಮಾತ್ರ. ಮಾಸಿಕ ಪಾಸಿನಲ್ಲಿ 50 ಸಲ ದಾಟಲು ಮೂರರಲ್ಲಿ ಎರಡು ಪಾಲು ದರ. ಯಾವುದು ಲಾಭ? ತಿಂಗಳಿಗೆ 22 ಟ್ರಿಪ್ಪಿನವರೆಗೆ ವಾಪಸು ರಿಯಾಯಿತಿಯೇ ಅಗ್ಗ. 23ರಿಂದ 25 ಟ್ರಿಪ್ ಹೋಗುವವರಿಗೆ ಪಾಸು ಅಗ್ಗ. ರಾಷ್ಟ್ರೀಯ ಪರ್ಮಿಟ್ ಇಲ್ಲದ, ಟೋಲ್ ಇರುವ ಜಿಲ್ಲೆಯಲ್ಲೇ ನೋಂದಣಿಯಾದ ಬಾಡಿಗೆ ಗಾಡಿಗೆ, ಬದಲಿ ರಸ್ತೆ ಇಲ್ಲದ ಕಡೆ ಅರ್ಧ ಸುಂಕದ ಅವಕಾಶವೂ ಇದೆ. ಟೋಲ್ ಕಚೇರಿಯಲ್ಲಿ ಕೇಳಿ ತಿಳಿಯಿರಿ. ಫಾಸ್ಟ್ಯಾಗಿನಲ್ಲಿ ಹಣವಿಲ್ಲದಿದ್ದರೆ ಹೆಚ್ಚು ಸುಂಕ ಬೀಳುತ್ತದೆ.

ಕಡಿತ ಮಾಡಬಾರದ ಖರ್ಚು

ಬ್ರೇಕು, ಟೈರು, ವಿಮೆ, ಚಾಲಕನ ನಿದ್ದೆ, ಈ ನಾಲ್ಕರಲ್ಲಿ ಉಳಿತಾಯ ಹುಡುಕಬೇಡಿರಿ. ರಾತ್ರಿಯೆಲ್ಲ ಮಂಡಿಯಲ್ಲಿ ಎಚ್ಚರವಿದ್ದ ಚಾಲಕನನ್ನು ಬೆಳಿಗ್ಗೆಯೇ ಇನ್ನೊಂದು ಟ್ರಿಪ್ಪಿಗೆ ಕಳಿಸುವುದು ಉಳಿತಾಯವಲ್ಲ. ವಿಮೆಯಲ್ಲಿ ಒಂದು ನ್ಯಾಯವಾದ ಉಳಿತಾಯವುಂಟು: ಕ್ಲೇಮು ಮಾಡದ ವರ್ಷಗಳಿಗೆ ಸ್ವಂತ ಗಾಡಿಯ ಹಾನಿಯ ಭಾಗದ ಕಂತಿನಲ್ಲಿ ಶೇ. 20ರಿಂದ ಶೇ. 50ರವರೆಗೆ ರಿಯಾಯಿತಿ ಇದೆ. ಅವಧಿ ಮುಗಿಯಲು ಬಿಡದೆ ನವೀಕರಿಸಬೇಕು. ಎಫ್.ಸಿ. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ಪ್ರತಿ ವರ್ಷ ಎಂಬುದನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿರಿ.

ಹೆಚ್ಚು ಲೋಡು ಹಾಕಿ ಲಾಭ ಮಾಡುವ ಆಸೆಯೂ ಬೇಡ. ನಮ್ಮ ಗಾಡಿಗೆ ಮಿತಿ ಮೀರಿ 10 ಕ್ರೇಟು ಹಾಕಿದರೆ ಸಿಗುವುದು 400 ರೂ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯಲ್ಲಿ ಮಿತಿ ಮೀರಿದ ತೂಕಕ್ಕೆ 20,000 ರೂ., ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000 ರೂ. ದಂಡ ಹೇಳಿದೆ. 50 ಟ್ರಿಪ್ಪಿನಲ್ಲಿ ಕೂಡಿಸಿದ್ದು ಒಂದೇ ದಿನ ಹೋಗುತ್ತದೆ. ಕೂಲಿಯಾಳುಗಳನ್ನು ಸರಕಿನ ಮೇಲೆ ಕೂರಿಸಿ ಕರೆತರುವ ಅಭ್ಯಾಸವನ್ನಂತೂ ಬಿಡಲೇಬೇಕು. ಜೀವಕ್ಕೆ ಅಪಾಯವಾದಾಗ ವಿಮೆಯ ಪರಿಹಾರ ಸಿಗದೆ, ಹೊಣೆ ಮಾಲೀಕನ ತಲೆಯ ಮೇಲೆ ಬರಬಹುದು. ಕೃಷಿಗೆಂದು ನೋಂದಾಯಿಸಿದ ಟ್ರಾಕ್ಟರನ್ನು ಬಾಡಿಗೆಗೆ ಓಡಿಸಿದರೂ ಇದೇ ತೊಡಕು.

ಮೂರು ತಿಂಗಳ ಪುಸ್ತಕ

ಕೊನೆಯದಾಗಿ, ಗಾಡಿಗೆ ಬೇರೆ ಪುಸ್ತಕ, ಸಾಧ್ಯವಾದರೆ ಬೇರೆ ಬ್ಯಾಂಕ್ ಖಾತೆ ಇಡಿರಿ. ಜಮೀನಿನ ಹಣ ಗಾಡಿಗೆ ಹೋದರೆ ಅದನ್ನು ಸಾಲವೆಂದೇ ಬರೆಯಿರಿ. ನಿಮ್ಮ ಸ್ವಂತ ಮಾಲು ಸಾಗಿಸಿದ ದಿನವೂ ಊರಿನ ದರದಲ್ಲಿ ಬಾಡಿಗೆ ಜಮಾ ಹಾಕಿರಿ. ಇಲ್ಲವಾದರೆ ಗಾಡಿಗೂ ಅನ್ಯಾಯ, ಬೆಳೆಯ ಲೆಕ್ಕವೂ ತಪ್ಪು. ಸುಗ್ಗಿಯ ತಿಂಗಳು ಒಂದನ್ನೇ ನೋಡಿ ತೀರ್ಮಾನಿಸಬೇಡಿರಿ. ಮೂರು ತಿಂಗಳ ಲೆಕ್ಕ ಕೂಡಿಸಿ ನೋಡಿರಿ.

ವಾಪಸು ಲೋಡು ಹುಡುಕಿ, ಡೀಸೆಲ್ ಉಳಿಸಿ, ಟೋಲ್ ರಿಯಾಯಿತಿ ಪಡೆದ ಮೇಲೂ ಪುಸ್ತಕ ನಷ್ಟವನ್ನೇ ತೋರಿಸಿದರೆ ಮನಸ್ಸು ಗಟ್ಟಿ ಮಾಡಿ ಗಾಡಿ ಮಾರಬೇಕು. ಗಾಡಿಗೆ ಬೆಲೆ ಇರುವಾಗಲೇ ಮಾರಿದರೆ ಸಾಲ ತೀರಿ ಕೈಗೆ ಏನಾದರೂ ಉಳಿಯಬಹುದು. ಬೆಳೆ ಸಾಲದ ಹಣದಿಂದ ಕಂತು ಕಟ್ಟುತ್ತ ಹೋದರೆ, ಅವಧಿಗೆ ತೀರಿಸದ ಆ ಸಾಲದ ಬಡ್ಡಿ ರಿಯಾಯಿತಿಯೂ ತಪ್ಪುತ್ತದೆ. ಗಾಡಿ ಮಾರಿದವನನ್ನು ಊರು ನಾಲ್ಕು ದಿನ ಆಡಿಕೊಳ್ಳಬಹುದು. ಜಮೀನು ಉಳಿದರೆ ಮುಂದೆ ಮತ್ತೊಂದು ಗಾಡಿ ಕೊಳ್ಳಬಹುದು. ಗಾಡಿ ಉಳಿಸಲು ಜಮೀನು ಕಳೆದುಕೊಂಡವನು ಮತ್ತೆ ಜಮೀನು ಕೊಳ್ಳುವುದು ಕಷ್ಟ.

ಬರುವ ತಿಂಗಳ ಒಂದನೇ ತಾರೀಖಿನಿಂದಲೇ ಪುಸ್ತಕ ಆರಂಭಿಸಿರಿ. ಲೆಕ್ಕ ಹಾಕಲು ತೊಡಕಾದರೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕೋ ಬಂದಾಗ ಪುಸ್ತಕವನ್ನು ಜೊತೆಗೆ ತನ್ನಿರಿ, ಕೂಡಿ ನೋಡೋಣ.